ಎಷ್ಟು ದಿನ ಇಟ್ಟುಕೊಳ್ಳಬೇಕು

ಕಿಕ್ಕಿರಿದ ಜೀಪ್ನಿ ವ್ಯಾನಿನಲ್ಲಿ ಪಕ್ಕ ಕೂತಿದ್ದವನ ಮೊಣಕೈ ಮತ್ತೆ ಪಕ್ಕೆಗೆ ತಾಗಿದಾಗ ಸಿಲ್ವೆರಿಯೋ ತುಮುಲಾಕನಿಗೆ ಆ ಕೈಯನ್ನು ಹಿಡಿದು ಬೆನ್ನ ಹಿಂದಕ್ಕೆ ತಿರುಚಬೇಕು, ಮೂಳೆ ಲಟಕ್ಕೆನ್ನುವವರೆಗೂ ತಿರುಚಬೇಕು ಅನ್ನಿಸಿತು. ಆ ಸದ್ದು ಕಿವಿಗೆ ಕೇಳಿಸಿಯೂ ಬಿಟ್ಟಿತು. ಬೆಚ್ಚಿ ನೋಡಿದರೆ ಆ ಮನುಷ್ಯ ಮಡಿಲಲ್ಲಿ ಬನ್ನಿನ ಪೊಟ್ಟಣ ಇಟ್ಟುಕೊಂಡು ತೂಕಡಿಸುತ್ತಿದ್ದ. ಎಚ್ಚರವಾಗಿ, ‘ತಪ್ಪಾಯ್ತು ನೊಂಗ್, ನಿದ್ದೆ ಇಲ್ಲ’ ಎಂದ. ಅಣ್ಣಾ ಎನ್ನುವ ಆ ಮಾತನ್ನು ಸೆಬು ನಗರದ ಬೀದಿಯಲ್ಲಿ ಯಾರು ಬೇಕಾದರೂ ಯಾರಿಗೆ ಬೇಕಾದರೂ ಅನ್ನುತ್ತಾರೆ. ಇವತ್ತು ಮಾತ್ರ ಅದು ಸಿಲ್ವೆರಿಯೋನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ‘ಪರವಾಗಿಲ್ಲ’ ಎಂದು ನಕ್ಕ. ಅವನು ಎಲ್ಲರಿಗೂ ಎಲ್ಲದಕ್ಕೂ ಪರವಾಗಿಲ್ಲ ಎನ್ನುವವನು. ಹೆಂಡತಿ ಮಗಳನ್ನು ಕರೆದುಕೊಂಡು ತವರಿಗೆ, ಬೊಹೋಲ್ ದ್ವೀಪಕ್ಕೆ, ಹೊರಟ ದಿನ ಅವಳ ಪೆಟ್ಟಿಗೆಯನ್ನು ಹಡಗುಕಟ್ಟೆಯವರೆಗೆ ಹೊತ್ತುಕೊಟ್ಟವನು ಇವನೇ. ಏಣಿ ಹತ್ತುವ ಮೊದಲು ಅವಳು ತಿರುಗಿ, ‘ಒಂದು ಸಲ ಬೈಯಾದ್ರೂ ಬೈಯಿ ಬೆರ್ಯೊ, ನೀನು ಮನುಷ್ಯ ಅಂತ ಗೊತ್ತಾಗ್ಲಿ’ ಎಂದಿದ್ದಳು. ಅದಕ್ಕೂ ನಕ್ಕಿದ್ದ. ನಲವತ್ತು ದಾಟಿದರೂ ಯಾರ ಮೇಲೂ ಕೈ ಎತ್ತಿದವನಲ್ಲ. ಅಂಥವನು ಈಗ ನಿದ್ದೆಗಣ್ಣಿನ ಅಪರಿಚಿತನ ಮೂಳೆ ಮುರಿಯುವ ಸದ್ದನ್ನು ಒಳಗೊಳಗೇ ಚಪ್ಪರಿಸುತ್ತ, ಇಳಿಯುವ ಜಾಗ ಬಂದದ್ದೂ ತಿಳಿಯದೆ ಕೂತುಬಿಟ್ಟು, ಮುಂದಿನ ತಿರುವಿನಿಂದ ಬಿಸಿಲಲ್ಲಿ ಹಿಂದಕ್ಕೆ ನಡೆದು ಬರಬೇಕಾಯಿತು.

ನಿನ್ನೆ ಮಧ್ಯಾಹ್ನ ನೋಡಿದ್ದು ಕಣ್ಣು ಬಿಟ್ಟು ಹೋಗುತ್ತಿರಲಿಲ್ಲ. ಅವನ ಕಂಪನಿ ಗೋದಾಮು, ಬಂದರು, ಅಂಗಡಿಗಳ ಕ್ಯಾಮರಾಗಳು ಕಂಡದ್ದನ್ನೆಲ್ಲ ತೆಗೆದು ಇಟ್ಟುಕೊಳ್ಳುವ ಕಂಪನಿ. ಈಚೆಗೆ ಎಲ್ಲವನ್ನೂ ಕಂಟೇನರುಗಳಿಗೆ ಸಾಗಿಸಿದ್ದರು. ಕಂಟೇನರೆಂದರೆ ಹಡಗಿನ ಕಬ್ಬಿಣದ ಡಬ್ಬಿಗಳೆಂದೇ ಅವನ ನೆರೆಹೊರೆಯವರು ತಿಳಿದಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ಹೋಲಿಕೆ ಅಷ್ಟೇನೂ ತಪ್ಪಲ್ಲ. ಒಬ್ಬೊಬ್ಬ ಗಿರಾಕಿಯ ಕೆಲಸವೂ ಸರ್ವರಿನೊಳಗೆ ಒಂದೊಂದು ಮುಚ್ಚಿದ ಡಬ್ಬಿಯಂತೆ ಬೇರೆಬೇರೆ ಇರುತ್ತದೆ. ಡಬ್ಬಿ ಕೆಟ್ಟರೆ ಎಸೆದು ಕ್ಷಣದಲ್ಲಿ ಇನ್ನೊಂದನ್ನು ಮಾಡಿಕೊಳ್ಳಬಹುದು. ಒಳಗಿನ ಸರಕು ಹೋದರೆ ಮಾತ್ರ ಹೋದಂತೆಯೇ. ಅದಕ್ಕೇ ಸರಕಿನ ಪ್ರತಿ ತೆಗೆದು ಬೇರೆ ಕಡೆ ಇಡುತ್ತಾರೆ. ಎಷ್ಟು ದಿನ ಇಡುವುದು? ಎಲ್ಲವನ್ನೂ ಕೂಡಿಡುತ್ತ ಹೋದರೆ ಯಾವ ಜಾಗವೂ ಸಾಲದು. ದಿನದ ಪ್ರತಿ ಒಂದು ವಾರ ಇರಲಿ, ವಾರದ ಪ್ರತಿ ಒಂದೆರಡು ತಿಂಗಳು ಇರಲಿ, ಹೊಸದು ಬಂದ ಹಾಗೆ ಹಳೆಯದು ತಾನಾಗಿ ಅಳಿಯುತ್ತ ಹೋಗಲಿ. ಆ ಸರದಿಯನ್ನು ಗೊತ್ತುಮಾಡುವುದು ಸಿಲ್ವೆರಿಯೋನ ಕೆಲಸ. ಅವನಿಗೆ ಈ ಕೆಲಸ ಹಿಡಿಸಿತ್ತು. ಇಲ್ಲಿ ಯಾರೂ ಏನನ್ನೂ ಅಳಿಸುವುದಿಲ್ಲ. ದಿನ ತುಂಬಿದ್ದು ಸದ್ದಿಲ್ಲದೆ ಜಾಗ ಬಿಡುತ್ತದೆ. ಮನುಷ್ಯರೂ ಹೀಗೆ ಇದ್ದಿದ್ದರೆ ಎಂದು ಒಮ್ಮೊಮ್ಮೆ ಅಂದುಕೊಳ್ಳುತ್ತಿದ್ದ. ಸರದಿ ಬರೆದ ಮೇಲೆ, ಇಟ್ಟ ಪ್ರತಿ ನಿಜಕ್ಕೂ ತಿರುಗಿ ಬರುತ್ತದೆಯೇ ಎಂದು ಯಾವುದಾದರೊಂದನ್ನು ಹೊರಗೆಳೆದು ತೆರೆದು ನೋಡಬೇಕು. ನಿನ್ನೆ ಕೈಗೆ ಬಂದದ್ದು ಬಂದರಿನ ಗೋದಾಮೊಂದರ ಹಿತ್ತಿಲ ಕ್ಯಾಮರಾದ ಒಂದು ಹಳೆಯ ವಾರ. ಒಂದು ಕೈಯಲ್ಲಿ ಸಿಯೋಮಾಯ್ ಕಡುಬು ತಿನ್ನುತ್ತ ಇನ್ನೊಂದು ಕೈಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ತೆರೆದು ನೋಡುತ್ತಿದ್ದ.

ಚಿತ್ರಕ್ಕೆ ಸದ್ದಿರಲಿಲ್ಲ. ಕಬ್ಬಿಣದ ಡಬ್ಬಿಗಳ ಎರಡು ಸಾಲುಗಳ ನಡುವೆ ಮೂವರು ಕಾವಲುಗಾರರು ಒಬ್ಬ ಹುಡುಗನನ್ನು ಎಳೆದುಕೊಂಡು ಬಂದರು. ಇಪ್ಪತ್ತರ ಆಸುಪಾಸು, ಬಾಸ್ಕೆಟ್‌ಬಾಲಿನ ಅಂಗಿ, ಒಂದು ಕಾಲಲ್ಲಿ ಚಪ್ಪಲಿ ಇಲ್ಲ. ಭುಜದಿಂದ ತಾಮ್ರದ ತಂತಿಯ ಸುರುಳಿ ಇಳಿಬಿದ್ದಿತ್ತು. ಹುಡುಗ ಕೈ ಜೋಡಿಸಿದ, ಏನೋ ಹೇಳಿದ, ನಕ್ಕ ಕೂಡ. ಸಿಕ್ಕಿಬಿದ್ದವರು ನಗುವ ಆ ನಗು. ಮೊದಲನೆಯ ಪೆಟ್ಟು ಮಂಡಿಗೆ ಬಿತ್ತು. ಆಮೇಲೆ ಮೂವರೂ ಭತ್ತ ಕುಟ್ಟುವವರ ಹಾಗೆ ಸರದಿಯಲ್ಲಿ ಲಾಠಿ ಎತ್ತಿ ಎತ್ತಿ ಹಾಕಿದರು. ಹುಡುಗ ತಲೆಯನ್ನು ತೋಳಲ್ಲಿ ಮುಚ್ಚಿಕೊಂಡ. ತೋಳು ಇರಬಾರದ ಕಡೆ ಬಾಗಿತು. ಡಬ್ಬಿಯ ಕೆಳಗೆ ತೂರಲು ತೆವಳಿದ; ಕಾಲು ಹಿಡಿದು ಎಳೆದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರು ದಣಿದು ನಿಂತು ಸಿಗರೇಟು ಹಚ್ಚಿದರು. ಮೂರನೆಯವನು ನಿಲ್ಲಲಿಲ್ಲ. ಅವನ ಬೆನ್ನು ಕ್ಯಾಮರಾದ ಕಡೆಗಿತ್ತು, ತಲೆಗೆ ಟೋಪಿ. ಲಾಠಿಯನ್ನು ಎಡಗೈಗೆ ದಾಟಿಸಿ, ಬಲಗೈ ಅಂಗೈಯನ್ನು ತೊಡೆಗೆ ಒರೆಸಿಕೊಂಡು, ಒಂದು ಹೆಜ್ಜೆ ಹಿಂದಕ್ಕಿಟ್ಟು, ಅಳತೆ ನೋಡುವವನ ಹಾಗೆ ತಲೆ ವಾರೆ ಮಾಡಿ, ಹೊಡೆದ. ಮತ್ತೆ ಅಂಗೈ ಒರೆಸಿಕೊಂಡ. ಸಿಲ್ವೆರಿಯೋ ಬಾಯಲ್ಲಿದ್ದುದನ್ನು ನುಂಗಲಾರದೆ ಕೈಗೆ ಉಗಿದುಕೊಂಡ. ಮುಖ ಕಾಣಬೇಕಾದ್ದೇ ಇರಲಿಲ್ಲ. ಹಾಗೆ ಹೊಡೆಯುತ್ತಿದ್ದವರು ಇಡೀ ಪಾಸಿಲ್ ಕೇರಿಯಲ್ಲಿ ಒಬ್ಬರೇ, ಸಿಲ್ವೆರಿಯೋನ ಅಪ್ಪ. ಅವರು ಸತ್ತು ಬಹಳ ವರ್ಷವಾಗಿದೆ.

ಅಪ್ಪ ಹೊಡೆಯುತ್ತಿದ್ದದ್ದು ಒಣಗಿಸಿದ ತೊರಕೆ ಮೀನಿನ ಬಾಲದಿಂದ. ಬಾಗಿಲ ಮೇಲೆ ಶಿಲುಬೆಯ ಪಕ್ಕದ ಮೊಳೆಗೆ ನೇತಾಡುತ್ತಿತ್ತು. ದೆವ್ವ ಹೆದರುತ್ತದೆಂದು ಎಲ್ಲರ ಮನೆಯಲ್ಲೂ ಇರುತ್ತದೆ. ಇವರ ಮನೆಯಲ್ಲಿ ಮಕ್ಕಳಿಗೂ ಆಗಿಬರುತ್ತಿತ್ತು. ರೇಡಿಯೋ ಬೀಳಿಸಿ ಒಡೆದದ್ದು ಸಿಲ್ವೆರಿಯೋ. ಅಪ್ಪ ಬೀದಿಯ ತಿರುವಿನಲ್ಲಿ ಕೆಮ್ಮಿದ್ದೇ ತಡ, ನೀರಿನ ಪೀಪಾಯಿಯ ಹಿಂದೆ ನುಸುಳಿದ. ‘ಯಾರದು?’ ಎಂದರು ಅಪ್ಪ, ಅಂಗೈಯನ್ನು ತೊಡೆಗೆ ಒರೆಸಿಕೊಳ್ಳುತ್ತ. ‘ನಾನೇ ತಾತಾಯ್’ ಎಂದು ಅಪ್ಪನಿಗೆ ಉತ್ತರ ಕೊಟ್ಟವನು ತಮ್ಮ ರುಫೊ, ಇನ್ನೂ ಹಾಲುಹಲ್ಲು ಬಿದ್ದಿರದವನು. ಪೀಪಾಯಿಯ ತಣ್ಣಗಿನ ತಗಡಿಗೆ ಕೆನ್ನೆ ಒತ್ತಿಕೊಂಡು ಸಿಲ್ವೆರಿಯೋ ಕಿವಿ ಮುಚ್ಚಿಕೊಂಡಿದ್ದ. ಆಮೇಲೆ ಅವ್ವ ತಮ್ಮನ ಬೆನ್ನಿಗೆ ಕೊಬ್ಬರಿ ಎಣ್ಣೆ ಸವರುವಾಗ ರುಫೊ ಇವನ ಕಡೆ ನೋಡಿ ಕಣ್ಣು ಮಿಟುಕಿಸಿದ್ದ. ಒಮ್ಮೆ ರೂಢಿಯಾದ ಮೇಲೆ ಅದೇ ಮನೆಯ ಕಟ್ಟಳೆಯಾಯಿತು. ಅಣ್ಣ ಓದುವವನು, ಅವನ ಮೈಗೆ ಪೆಟ್ಟು ಬೀಳಬಾರದು. ತಮ್ಮನದು ಗಟ್ಟಿ ಚರ್ಮ. ಮರುದಿನ ಬೆಳಿಗ್ಗೆ ಯಾರೂ ಆ ಮಾತು ಎತ್ತುತ್ತಿರಲಿಲ್ಲ.

‘ಬಂದ್ರಾ? ಬನ್ನಿ, ಕೂತ್ಕೊಳ್ಳಿ’ ಎಂದಳು ಮ್ಯಾಮ್ ಉಯ್, ಇವತ್ತು ಅವನು ಬಿಸಿಲಿಂದ ಆಫೀಸಿಗೆ ಬಂದಾಗ. ಅವಳು ಕಂಪನಿಯ ಒಡತಿಯ ಮಗಳು, ಇವನಿಗಿಂತ ಹತ್ತು ವರ್ಷ ಚಿಕ್ಕವಳು. ಕಿಟಕಿಯಾಚೆ ಬಂದರಿನ ಕ್ರೇನುಗಳು ಬಗ್ಗಿ ಏಳುತ್ತಿದ್ದವು. ‘ಆ ಬಂದರಿನ ಕಾವಲು ಏಜೆನ್ಸಿಯವರು ಫೋನ್ ಮಾಡಿದ್ರು ಬೆರ್ಯೊ. ಅಷ್ಟು ಹಳೇದೆಲ್ಲ ನಮಗ್ಯಾಕೆ, ಒಂದು ವಾರದ್ದಿದ್ರೆ ಸಾಕು ಅಂತಾರೆ. ವಾರದ ಪ್ರತಿಗಳನ್ನ ಪೂರ್ತಿ ತೆಗೆದುಬಿಡಿ. ಹೊಸ ಸರದಿ ಸೋಮವಾರದಿಂದ.’

‘ಒಂದು ಸಾವಿನ ದೂರು ಇದೆಯಂತಲ್ಲ ಮ್ಯಾಮ್, ಆ ಗೋದಾಮಿನ ಮೇಲೆ.’ ತನ್ನ ದನಿ ತನಗೇ ಸಣ್ಣದಾಗಿ ಕೇಳಿಸಿತು.

‘ಯಾರೋ ಹುಡುಗ ಕುಡಿದು ನೀರಿಗೆ ಬಿದ್ದಿದ್ದಾನೆ. ಕ್ಯಾಮರಾ ಆವತ್ತು ಕೆಟ್ಟಿತ್ತು ಅಂತ ಅವರು ಬರೆದುಕೊಟ್ಟಿದಾರೆ.’ ಅವಳು ಇವನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದಳು. ‘ಕೆಟ್ಟಿತ್ತು ತಾನೆ? ನೀವೇನಾದ್ರೂ ತೆರೆದು ನೋಡಿದ್ರಾ?’

‘ಇಲ್ಲ ಮ್ಯಾಮ್.’

‘ಮತ್ತೆ? ನಾವೇನೂ ಅಳಿಸ್ತಾ ಇಲ್ಲವಲ್ಲ. ಸರದಿ ಬಂದದ್ದು ಹೋಗುತ್ತೆ. ಈ ಮಾತು ನನಗೆ ಹೇಳಿಕೊಟ್ಟವರೇ ನೀವು.’ ನಕ್ಕಳು. ಅವನೂ ನಕ್ಕ. ಮೇಜಿನ ಮೇಲಿದ್ದ ಗಾಜಿನ ಮೀನಿನ ಬೊಂಬೆಯನ್ನು ಎತ್ತಿ ಅವಳ ಆ ಬಿಳಿ ಹಲ್ಲುಗಳ ನಡುವೆ ತುರುಕಿದ ಹಾಗೆ ಒಂದು ಚಿತ್ರ ಹಾದುಹೋಯಿತು. ಗಾಜು ಒಡೆದು, ತುಟಿ ಸೀಳಿ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ‘ಆಗ್ಲಿ ಮ್ಯಾಮ್’ ಎಂದು ಎದ್ದುಬಂದ. ಊಟಕ್ಕೆ ಮೊದಲೇ ಹೊಸ ಸರದಿಯನ್ನು ಬರೆದೂ ಮುಗಿಸಿದ. ಒಂದು ಅಕ್ಷರವೂ ತಪ್ಪಲಿಲ್ಲ. ಅದೇ ಅವನಿಗೆ ವಿಚಿತ್ರವೆನಿಸಿತು.

ಕೆಳಗೆ ಬಾಗಿಲ ಬಳಿ, ದಿನಾ ಬಂದು ನಿಲ್ಲುವ ಆ ಹೆಂಗಸು ಇದ್ದಳು. ಕಾವಲುಗಾರ ಅವಳನ್ನು ಒಳಗೆ ಬಿಡುತ್ತಿರಲಿಲ್ಲ, ಅವಳು ಹೋಗುತ್ತಲೂ ಇರಲಿಲ್ಲ. ಬಂದರಿನ ಗೇಟಿನಲ್ಲಿ ಸಕ್ಕರೆ ಸುತ್ತಿ ಕರಿದ ಬಾಳೆಹಣ್ಣು ಮಾರುವ ನಾಂಗ್ ಇಲ್ಯಾಂಗ್; ನಾಂಗ್ ಅಂದರೆ ಅಕ್ಕ. ತಲೆಗೆ ಟವಲು, ಕಂಕುಳಲ್ಲಿ ಕಪ್ಪು ಛತ್ರಿ, ಕೈಯಲ್ಲಿ ತಟ್ಟೆ. ಸಿಲ್ವೆರಿಯೋ ತಲೆ ತಗ್ಗಿಸಿ ದಾಟಿಹೋಗುವುದರಲ್ಲಿದ್ದ.

‘ದೊಂಗ್, ತಮ್ಮಾ, ನಿಲ್ಲಪ್ಪಾ. ನೀನು ಮೇಲ್ಗಡೆಯವನಲ್ವಾ? ಕ್ಯಾಮರಾ ಕಂಡದ್ದನ್ನ ಇಟ್ಕೊಳ್ಳೋರು ನೀವೇ ಅಂತೆ.’

‘ನಾನು ಬರೀ ಕಂಪ್ಯೂಟರ್ ರಿಪೇರಿಯವನು ನಾಂಗ್.’

‘ಅವತ್ತೊಂದಿನ ಕೆಟ್ಟಿತ್ತಂತೆ. ಅದರ ಹಿಂದಿನ ದಿನ ಸರಿಯಿತ್ತು, ಮಾರನೇ ದಿನ ಸರಿಯಿತ್ತು. ನನ್ನ ಜೊನೆಲ್ ಸತ್ತ ದಿನ ಮಾತ್ರ ಕೆಟ್ಟಿತ್ತಂತೆ. ಹೌದೇನಪ್ಪಾ, ಹಾಗೆ ಕೆಡುತ್ತಾ?’ ಅವಳು ಜಗಳಕ್ಕೆ ಕೇಳುತ್ತಿರಲಿಲ್ಲ. ತಿಳಿದವನು ಹೇಳಿದರೆ ನಂಬುತ್ತೇನೆ ಎನ್ನುವ ಹಾಗೆ ಮುಖವೆತ್ತಿ ನಿಂತಿದ್ದಳು.

‘ಕೆಡುತ್ತೆ ನಾಂಗ್. ಒಂದೊಂದ್ಸಲ ಕೆಡುತ್ತೆ.’

‘ಕಳ್ಳತನಕ್ಕೆ ಹೋಗಿದ್ದ, ಸುಳ್ಳು ಹೇಳೋದಿಲ್ಲ. ತೊಳೆಯೋವಾಗ ನೋಡಿದೀನಿ ದೊಂಗ್, ನೀರಿಗೆ ಬಿದ್ದ ಮೈ ಅಲ್ಲ ಅದು. ಒಂದು ಕೈ ಚೀಲದ ಹಾಗೆ ನೇತಾಡ್ತಿತ್ತು.’ ಹೇಳುತ್ತಲೇ ಅಭ್ಯಾಸಬಲದಿಂದ ಒಂದು ಕಡ್ಡಿ ಬಾಳೆಹಣ್ಣನ್ನು ಇವನ ಕೈಗೆ ತುರುಕಿದಳು. ‘ತಿನ್ನು. ಮುಖ ಬಾಡಿದೆ. ಉಪವಾಸ ಇದ್ದೀಯಾ ಹೇಗೆ?’

ಮೆಟ್ಟಿಲ ತಿರುವಿನಲ್ಲಿ ನಿಂತು ಸಿಲ್ವೆರಿಯೋ ಅದನ್ನು ತಿಂದ. ಎಸೆಯಬೇಕೆಂದೇ ಹೊರಟಿದ್ದ. ಆದರೆ ಬಿಸಿ ಸಕ್ಕರೆಯ ವಾಸನೆಗೆ ಹಸಿವು ಕೆರಳಿತು. ನಿನ್ನೆಯಿಂದ ಒಂದು ತುತ್ತೂ ಇಳಿದಿರಲಿಲ್ಲ. ನಾಯಿಯ ಹಾಗೆ ಗಬಗಬನೆ ತಿಂದು ಕಡ್ಡಿಯನ್ನೂ ಚೀಪಿದ. ಆಮೇಲೆ ಗೋಡೆಗೆ ಹಣೆ ಚಚ್ಚಿಕೊಂಡ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಗೋಡೆಯ ಸುಣ್ಣದ ಮೇಲೆ ಒಂದು ಕೆಂಪು ಚುಕ್ಕೆ ಮೂಡಿದಾಗ ಯಾರಾದರೂ ನೋಡಿಯಾರೆಂದು ತೋಳಿನಿಂದ ಒರೆಸಿದ.

ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದ ಜನ ಕೋಳಿ ಅಂಕಕ್ಕೆ ಹೊರಡುವ ಹೊತ್ತಿಗೆ ಅವನು, ಅದೇ ಏಜೆನ್ಸಿಯಲ್ಲಿ ಕಾವಲುಗಾರನಾಗಿದ್ದ ತಮ್ಮನ ಮನೆಗೆ ಹೋದ. ರುಫೊ ಹಿತ್ತಿಲಲ್ಲಿ ತೊಟ್ಟಿಯ ಕಟ್ಟೆಯ ಮೇಲೆ ಕೂತು ಕೆಂಪು ಹುಂಜವೊಂದರ ಕಾಲಿಗೆ ಅಂಕದ ಕಿರುಗತ್ತಿ ಕಟ್ಟುವ ಅಭ್ಯಾಸ ಮಾಡುತ್ತಿದ್ದ. ಸುತ್ತ ಗೂಟಗಳಿಗೆ ಕಟ್ಟಿದ ಹುಂಜಗಳು ಒಂದನ್ನೊಂದು ನೋಡಿ ಕುತ್ತಿಗೆಯ ಗರಿ ಕೆದರುತ್ತಿದ್ದವು. ಕಳೆದ ತಿಂಗಳು ಇದೇ ಕಟ್ಟೆಯ ಮೇಲೆ ಇಬ್ಬರೂ ಕೂತು ತುಬಾ ಎಂಬ ತೆಂಗಿನ ಹೆಂಡ ಕುಡಿದಿದ್ದರು. ಆ ಹುಡುಗ ಸತ್ತು ಎರಡು ದಿನವಾಗಿದ್ದಿರಬೇಕು ಆಗ. ರುಫೊ ಅವತ್ತು ಹೆಚ್ಚು ನಗಿಸಿದ್ದ.

‘ಹಣೆಗೇನಾಯ್ತು ನೊಂಗ್? ಹೆಂಡ್ತಿ ವಾಪಸ್ ಬಂದ್ಲಾ?’ ಎಂದು ರುಫೊ ಹಲ್ಲು ಕಿರಿದ. ಇವನು ನಗದೆ ನಿಂತದ್ದು ಕಂಡು ಹುಂಜವನ್ನು ಬುಟ್ಟಿಯೊಳಗಿಟ್ಟು ಮುಚ್ಚಿದ. ಒಳಗಿದ್ದ ಹೆಂಡತಿಗೆ ಕೇಳದಂತೆ ತಗ್ಗಿದ ದನಿಯಲ್ಲಿ, ‘ನಾಳೆ ಹೋಗುತ್ತಂತಲ್ಲ ಅದು?’ ಎಂದ.

‘ನಿನಗ್ಯಾರು ಹೇಳಿದ್ದು?’

‘ನಮ್ಮ ಕಮಾಂಡರು. ನಿನ್ನ ಅಣ್ಣನೇ ಬರೆದಿದಾನಂತೆ, ಅದೃಷ್ಟವಂತ ನೀನು ಅಂದ್ರು. ನಾನೂ ಅಂದೆ, ನಮ್ಮಣ್ಣ ಹಾಗೇನೇ.’ ರುಫೊ ನೆಲ ನೋಡಿದ. ‘ನೋಡಿಬಿಟ್ಯಾ?’

‘ನೋಡ್ದೆ. ಅವರಿಬ್ಬರೂ ನಿಲ್ಲಿಸಿದ್ರು ರುಫೊ. ನೀನ್ಯಾಕೆ ನಿಲ್ಲಿಸ್ಲಿಲ್ಲ?’

ರುಫೊ ಬೆರಳಿಗಂಟಿದ್ದ ನೂಲನ್ನು ಬಿಡಿಸಿದ. ‘ಅವನು ನಕ್ಕ. ತಪ್ಪಾಯ್ತು ನೊಂಗ್ ಅಂತ ನಕ್ಕ. ಮೊದಲು ಎರಡು ಬಿಗಿದು ಕಳಿಸೋಣ ಅಂತಲೇ ಇತ್ತು. ಆಮೇಲೆ ಕೈ ಬಿಸಿಯಾಯ್ತು. ಕೈ ಬಿಸಿಯಾದ ಮೇಲೆ ಎದುರಿಗಿರೋನು ಯಾರು ಅನ್ನೋದು ಇರಲ್ಲ. ನಿನಗೆ ಗೊತ್ತಾಗಲ್ಲ ಬಿಡು. ನೀನು ಪೀಪಾಯಿ ಹಿಂದೆ ಕೂತವನು.’

‘ಅವನ ತಾಯಿ ದಿನಾ ಬಂದು ಬಾಗಿಲಲ್ಲಿ ನಿಲ್ತಾಳೆ. ನಾನು ಅದನ್ನ ಹೋಗೋಕೆ ಬಿಡಲ್ಲ. ನೀನೇ ಹೋಗಿ ಹೇಳು. ನಾನು ಜೊತೆಗೆ ಬರ್ತೀನಿ.’

‘ಏನು ಬಿಡಲ್ಲ?’ ರುಫೊ ಎದ್ದು ನಿಂತ. ಅಂಗಿಯನ್ನು ತಲೆಯ ಮೇಲಿಂದ ಕಿತ್ತೆಸೆದು ಬೆನ್ನು ತಿರುಗಿಸಿದ. ‘ನೋಡು. ಕಣ್ಣು ಬಿಟ್ಟು ನೋಡು. ಇದರಲ್ಲಿ ನಿನ್ನವು ಎಷ್ಟು, ನನ್ನವು ಎಷ್ಟು ಆರಿಸಿ ಹೇಳು. ಒಂದಿನಾನಾದ್ರೂ ನಿನ್ನನ್ನ ಕೇಳಿದೀನಾ? ಒಂದೇ ಒಂದು ಸಲ ಸುಮ್ನೆ ಇರು ಅಂತೀನಿ. ನಿನಗೆ ಅಭ್ಯಾಸ ಇರೋ ಕೆಲಸಾನೇ. ಏನೂ ಮಾಡಬೇಡ ಅಷ್ಟೇ!’

‘ಇಲ್ಲ’ ಎಂದ ಸಿಲ್ವೆರಿಯೋ. ಅಪ್ಪಟ ಇಲ್ಲವೊಂದನ್ನು ಅವನು ಅದಕ್ಕೆ ಮೊದಲು ಯಾವಾಗ ಹೇಳಿದ್ದನೋ ನೆನಪಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ತಮ್ಮನ ಮುಷ್ಟಿ ದವಡೆಗೆ ಬಿತ್ತು. ಬೀಳುವಾಗ ತೊಟ್ಟಿಯ ಅಂಚು ಸೊಂಟಕ್ಕೆ ತಾಗಿತು, ಹುಂಜಗಳೆಲ್ಲ ಒಟ್ಟಿಗೆ ಕಿರುಚಿದವು. ರುಫೊ ಅವನ ಹೊಟ್ಟೆಗೆ ಒದ್ದ. ಅದೆಷ್ಟೋ ವರ್ಷ ಗೋಡೆಯಾಚೆಯಿಂದ ಕೇಳಿದ್ದ ಆ ಸದ್ದು ಈಗ ತನ್ನ ಮೈಯೊಳಗಿನಿಂದ ಬರುತ್ತಿದೆ ಎನ್ನುವುದೇ ಅವನಿಗೆ ಆಶ್ಚರ್ಯವಾಯಿತು. ಇಷ್ಟೇನಾ, ಇದಕ್ಕೇ ಹೆದರಿದ್ದೆನಾ ಎಂದುಕೊಂಡ. ತಮ್ಮನ ಕಾಲು ಕೈಗೆ ಸಿಕ್ಕಿತು, ಎಳೆದ, ರುಫೊ ಮಗುಚಿಬಿದ್ದ. ಅದಾದ ಮೇಲೆ ಸಿಲ್ವೆರಿಯೋ ಅವನ ಎದೆಯ ಮೇಲೆ ಕೂತಿದ್ದ, ಹೊಡೆಯುತ್ತಿದ್ದ. ಮೂಗು ಒಂದು ಸಲಕ್ಕೇ ಮೆತ್ತಗಾಯಿತು. ಹಲ್ಲು ಗೆಣ್ಣಿಗೆ ಕಚ್ಚಿಕೊಂಡಿತು. ಹೊಡೆತಕ್ಕೊಂದು ಲಯ ಸಿಕ್ಕಿತು, ಉಸಿರು ಅದಕ್ಕೆ ಕೂಡಿಕೊಂಡಿತು. ಈ ಮುಖ ತಮ್ಮನದೋ, ಜೀಪ್ನಿಯವನದೋ, ಅಪ್ಪನದೋ, ಪೀಪಾಯಿಯ ಹಿಂದೆ ಕಿವಿ ಮುಚ್ಚಿಕೊಂಡ ಹುಡುಗನದೋ ಗೊತ್ತಾಗುತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಹಿತವಾಗಿತ್ತು. ಇಡೀ ಆಯುಷ್ಯ ಇದೊಂದನ್ನು ತನ್ನಿಂದ ಬಚ್ಚಿಟ್ಟಿದ್ದರು ಅನ್ನಿಸುವಷ್ಟು ಹಿತವಾಗಿತ್ತು. ರಕ್ತಕ್ಕೆ ಕೈ ಜಾರಿತು. ಸಿಲ್ವೆರಿಯೋ ಬಲಗೈ ಅಂಗೈಯನ್ನು ತೊಡೆಗೆ ಒರೆಸಿಕೊಂಡು ಎಡಗೈ ಎತ್ತಿದ.

ರುಫೊ ಕೆಳಗಿನಿಂದ ಅದನ್ನು ನೋಡಿದ. ಒಡೆದ ಬಾಯಲ್ಲಿ ನಕ್ಕ. ‘ಈಗ ಗೊತ್ತಾಯ್ತಾ ನೊಂಗ್?’ ಎಂದ.

ಎತ್ತಿದ ಕೈ ಹಾಗೇ ನಿಂತಿತು. ರುಫೊನ ಹೆಂಡತಿ ಡೆಲ್ಫಾ ಕಿರುಚುತ್ತ ಬಂದು ಬಕೆಟ್ಟಿನ ನೀರನ್ನು ಇಬ್ಬರ ಮೇಲೂ ಸುರಿದಳು, ಖಾಲಿ ಬಕೆಟ್ಟಿನಲ್ಲಿ ಸಿಲ್ವೆರಿಯೋನ ಭುಜಕ್ಕೆ ಬಡಿದಳು. ‘ನೀವೇನಾ ಭಾವಾ? ನೀವೇನಾ ಇದು? ಇವನು ಮಾಡಿದ್ರೆ ಸರಿ, ನೀವಾ?’ ಬೇಲಿಯ ಮೇಲೆ ಅಕ್ಕಪಕ್ಕದವರ ತಲೆಗಳು ಕಾಣಿಸಿಕೊಂಡಿದ್ದವು. ಯಾರೋ ಗೆಲ್ಲುವವರು ಯಾರೆಂದು ಬಾಜಿ ಕಟ್ಟುವ ದನಿಯಲ್ಲಿ ಕೂಗಿ ನಗಿಸಿದರು. ಸಿಲ್ವೆರಿಯೋ ತಮ್ಮನ ಮೇಲಿಂದ ಎದ್ದ. ಕೈ ಇನ್ನೂ ಬಿಸಿಯಾಗಿತ್ತು. ನೆಲಕ್ಕೆ ಬಿದ್ದವನನ್ನು ಎಬ್ಬಿಸಬೇಕೆಂದು ಬಗ್ಗಿದರೆ ಡೆಲ್ಫಾ ನಡುವೆ ಬಂದು ನಿಂತಳು. ಅವನು ಬಟ್ಟೆಯಿಂದ ನೀರು ಸುರಿಸಿಕೊಂಡು ಹಾಗೇ ಬೀದಿಗೆ ಬಂದ. ದಾರಿಯಲ್ಲಿ ಕಂಡವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ಅವನಿಗೆ ಯಾರೂ ಎಂದೂ ಹಾಗೆ ಜಾಗ ಬಿಟ್ಟಿರಲಿಲ್ಲ.

ಆ ಸಂಜೆಯೇ ಖಾಲಿ ಆಫೀಸಿಗೆ ಹೋಗಿ ಕೂತ. ಸರದಿಯಲ್ಲಿ ಆ ಒಂದು ವಾರವನ್ನು ಹೊರಗಿಟ್ಟು, ಯಾವ ನಿಯಮ ಬಂದರೂ ಇದನ್ನು ಅಳಿಸಕೂಡದೆಂದು ಒಂದು ಸಾಲು ಸೇರಿಸಿದ. ಊದಿದ ಬೆರಳಿಗೆ ಅಕ್ಷರಗಳು ಸಿಗುತ್ತಿರಲಿಲ್ಲ. ತಪ್ಪು ತಪ್ಪಾಗಿ ಒತ್ತಿ, ಅಳಿಸಿ, ಮತ್ತೆ ಒತ್ತಿದ. ಒಂದು ಪ್ರತಿಯನ್ನು ಜೇಬಿಗೆ ಹಾಕಿಕೊಂಡ. ಸೋಮವಾರ ಬೆಳಿಗ್ಗೆ ಮ್ಯಾಮ್ ಉಯ್ ಬರುವ ಮೊದಲೇ ಅವಳ ಮೇಜಿನ ಮೇಲೆ ರಾಜೀನಾಮೆ ಇಟ್ಟು, ಆ ಚಿತ್ರವನ್ನು ಸರ್ಕಾರಿ ವಕೀಲರ ಕಚೇರಿಗೆ ಒಯ್ದು ಕೊಟ್ಟ. ನಾಂಗ್ ಇಲ್ಯಾಂಗಳನ್ನು ಕರೆಸಿದರು. ಅವಳು ಒಳಗಿನ ಕೋಣೆಯಲ್ಲಿ ಕೂತು ಅದನ್ನು ಕೊನೆಯವರೆಗೂ ನೋಡಿದಳಂತೆ. ಸದ್ದಿಲ್ಲದ ಚಿತ್ರ, ಬಾಗಿಲಾಚೆ ಕೂತ ಸಿಲ್ವೆರಿಯೋನಿಗೆ ಫ್ಯಾನಿನ ಸದ್ದು ಬಿಟ್ಟರೆ ಏನೂ ಕೇಳಿಸಲಿಲ್ಲ.

ಆಮೇಲೆ ಅವನನ್ನು ಕರೆದರು. ತನಿಖೆಯ ಅಧಿಕಾರಿ ಕನ್ನಡಕದ ಯುವಕ, ಒಳ್ಳೆಯವನ ಹಾಗಿದ್ದ, ದಣಿದಿದ್ದ. ‘ಸರ್, ನೀವು ಇದನ್ನ ಉಳಿಸಿದ್ದು ದೊಡ್ಡ ಕೆಲಸ. ಆದ್ರೆ ನೋಡಿ, ಮೂವರಲ್ಲಿ ಒಬ್ಬನ ಮುಖಾನೂ ಕಾಣಲ್ಲ. ಟೋಪಿ, ಬೆನ್ನು. ಆ ಏಜೆನ್ಸಿಲಿ ಇಂಥ ಬೆನ್ನಿನೋರು ನೂರು ಜನ ಇದಾರೆ. ಹೊಡೆದದ್ದಂತೂ ಆಯ್ತು, ಯಾರು ಹೊಡೆದ್ರು ಅಂತ ಇದು ಹೇಳಲ್ಲ.’ ಚಿತ್ರವನ್ನು ನಿಲ್ಲಿಸಿ ಪರದೆಯನ್ನು ಇವನ ಕಡೆ ತಿರುಗಿಸಿದ. ‘ನಿಮಗೇನಾದ್ರೂ ಗುರುತು ಸಿಗುತ್ತಾ?’

ಪರದೆಯಲ್ಲಿ ತಮ್ಮನ ಬೆನ್ನು ಇತ್ತು. ಅಂಗಿಯ ಕೆಳಗೆ ಯಾವ ಕಡೆ ಎಷ್ಟು ಗೆರೆಗಳಿವೆಯೆಂದು ನಿನ್ನೆಯಷ್ಟೇ ಕಂಡಿದ್ದ ಬೆನ್ನು. ಉಳಿಸಿದ್ದಾಯಿತಲ್ಲ, ಅಷ್ಟು ಸಾಲದೇ ಎಂದು ಅವನ ಒಳಗೆ ಯಾರೋ ಬೇಡಿಕೊಂಡರು. ಕೆಲಸ ಬಿಟ್ಟೆ, ಪೆಟ್ಟು ತಿಂದೆ, ತಮ್ಮನ ಮೂಗು ಒಡೆದೆ. ಇನ್ನೂ ಏನು ಬೇಕು ಇವರಿಗೆ?

‘ಇಲ್ಲ ಸರ್’ ಎಂದ. ‘ಗುರುತು ಸಿಗ್ತಾ ಇಲ್ಲ.’

ಹೊರಗೆ ಬೆಂಚಿನ ಮೇಲೆ ನಾಂಗ್ ಇಲ್ಯಾಂಗ್ ಒಬ್ಬಳೇ ಕೂತಿದ್ದಳು. ಟವಲು ಬಿಚ್ಚಿ ತೊಡೆಯ ಮೇಲೆ ಮಡಿಸಿಟ್ಟುಕೊಂಡಿದ್ದಳು. ಇವನನ್ನು ಕಂಡು ಸರಿದು ಪಕ್ಕದಲ್ಲಿ ಜಾಗ ಮಾಡಿದಳು. ‘ಕೂತ್ಕೋ ದೊಂಗ್. ಕಂಪ್ಯೂಟರ್ ರಿಪೇರಿಯವನು ಅಂದೆ ಅವತ್ತು. ನಾನೂ ನಂಬಿದೆ ನೋಡು.’ ಅವಳ ದನಿಯಲ್ಲಿ ಆರೋಪವಿರಲಿಲ್ಲ. ‘ನಿನ್ನ ಕೈ ಏನಾಗಿದೆ ಇಷ್ಟು? ಆ ಏಜೆನ್ಸಿಯವರು ಹೊಡೆಸಿದ್ರಾ? ಇದನ್ನ ತಂದ್ಕೊಟ್ಟೆ ಅಂತ? ದೇವರು ನಿನ್ನ ಚೆನ್ನಾಗಿಡ್ಲಿ ಮಗಾ.’ ಅವನ ಊದಿದ ಕೈಯನ್ನು ತನ್ನ ತೊಡೆಯ ಮೇಲೆ ತೆಗೆದುಕೊಂಡು ಟವಲಿನ ತುದಿಯಿಂದ ಗಾಯದ ಮೇಲಿನ ಧೂಳನ್ನು ಒರೆಸತೊಡಗಿದಳು. ಅವಳ ಬೆರಳುಗಳು ಎಣ್ಣೆಗೆ ಸುಟ್ಟು ಗಂಟುಗಟ್ಟಿದ್ದವು. ಸಿಲ್ವೆರಿಯೋನಿಗೆ ಪೆಟ್ಟು ಬೇಕಾದರೂ ತಡೆಯಬಹುದಿತ್ತು, ಇದನ್ನು ತಡೆಯಲಾಗಲಿಲ್ಲ.

‘ನಾಂಗ್, ಆ ಮೂರನೆಯವನು. ನಿಲ್ಲಿಸದೇ ಹೊಡೆದವನು.’

‘ಹೂಂ.’

‘ಅವನು ನನ್ನ ತಮ್ಮ.’

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಟವಲು ಹಿಡಿದ ಕೈ ಇನ್ನೆರಡು ಸಲ ಒರೆಸಿತು, ನಿಂತಿತು. ಎದ್ದಳು. ಮೊದಲನೆಯ ಪೆಟ್ಟು ಛತ್ರಿಯ ಹಿಡಿಯಿಂದ ಕುತ್ತಿಗೆಗೆ ಬಿತ್ತು. ಅವಳು ಕೂಗಲಿಲ್ಲ, ಬೈಯಲಿಲ್ಲ. ಬಟ್ಟೆ ಒಗೆಯುವವಳ ಹಾಗೆ ಎರಡೂ ಕೈಯಲ್ಲಿ ಹಿಡಿದು ತಲೆಗೆ, ಕಿವಿಗೆ, ಊದಿದ ದವಡೆಗೆ ಹೊಡೆದಳು. ಸಿಲ್ವೆರಿಯೋ ಕೈ ಎತ್ತಲಿಲ್ಲ, ತಲೆಯನ್ನು ಮುಚ್ಚಿಕೊಳ್ಳಲಿಲ್ಲ. ಮೊಣಕಾಲು ಮಡಿಸಿ ಕೂತ, ಅವಳಿಗೆ ಎಟುಕುವ ಹಾಗೆ. ಛತ್ರಿಯ ಕಡ್ಡಿಗಳು ಒಂದೊಂದಾಗಿ ಬಟ್ಟೆಯಿಂದ ಹೊರಗೆ ಬಂದವು. ಒಂದು ಕಡ್ಡಿ ಹುಬ್ಬನ್ನು ಸೀಳಿತು, ಕಣ್ಣಿಗೆ ರಕ್ತ ಇಳಿಯಿತು. ಕಾರಿಡಾರಿನಲ್ಲಿ ಜನ ಸೇರಿದರು. ಯಾರೋ ‘ಹಿಡೀರಿ ಆಯಮ್ಮನ್ನ’ ಎಂದರು. ಸಿಲ್ವೆರಿಯೋ ಹಿಡಿಯಬೇಡಿ ಎನ್ನುವಂತೆ ಕೈಯಾಡಿಸಿದ. ಹೊಡೆದು ಹೊಡೆದು ಅವಳ ಉಸಿರು ಸಿಳ್ಳು ಹಾಕತೊಡಗಿತು. ಛತ್ರಿ ಕೈಯಿಂದ ಜಾರಿತು. ಬೆಂಚಿನ ಅಂಚನ್ನು ಹಿಡಿದುಕೊಂಡು ಬಾಗಿ ನಿಂತಳು.

‘ಹೆಸರು?’ ಎಂದಳು.

‘ರುಫೊ.’

‘ಒಳಗೆ ಹೇಳಿದ್ಯಾ?’

‘ಇಲ್ಲ.’

ಅವಳು ಬಗ್ಗಿ ಅವನ ಮಣಿಕಟ್ಟನ್ನು ಹಿಡಿದಳು. ಊದಿದ ಕೈಯನ್ನೇ, ಗಾಯದ ಮೇಲೆಯೇ. ಎಬ್ಬಿಸಿದಳು. ಜನ ಸರಿದು ದಾರಿ ಬಿಟ್ಟರು. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವನ್ನು ಎಳೆದೊಯ್ಯುವವಳ ಹಾಗೆ ಅವನನ್ನು ಎಳೆದುಕೊಂಡು ಅದೇ ಬಾಗಿಲನ್ನು ಮೈಯಿಂದ ನೂಕಿ ಒಳಗೆ ಹೋದಳು. ಕನ್ನಡಕದ ಅಧಿಕಾರಿ ಊಟದ ಡಬ್ಬಿ ತೆರೆದಿದ್ದವನು ಗಾಬರಿಯಿಂದ ಎದ್ದು ನಿಂತ.

‘ಹೇಳು’ ಎಂದಳು.

‘ರುಫೊ ತುಮುಲಾಕ್’ ಎಂದ ಸಿಲ್ವೆರಿಯೋ. ಕಣ್ಣಿಗಿಳಿದ ರಕ್ತದಿಂದ ಅಧಿಕಾರಿಯ ಮುಖ ಅರ್ಧ ಮಾತ್ರ ಕಾಣುತ್ತಿತ್ತು. ‘ನನ್ನ ಒಡಹುಟ್ಟಿದವನು. ಮೂರನೆಯವನು ಅವನೇ. ಬರ್ಕೊಳ್ಳಿ ಸರ್, ಎಲ್ಲಾ ಹೇಳ್ತೀನಿ.’

ಅಧಿಕಾರಿ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಕೂತು ಬರೆಯತೊಡಗಿದ. ಸಿಲ್ವೆರಿಯೋ ಹೇಳುತ್ತ ಹೋದ. ಅವಳು ಪಕ್ಕದಲ್ಲೇ ನಿಂತಿದ್ದಳು. ಅವನು ಒಂದೊಂದು ಮಾತು ಆಡಿದಾಗಲೂ ಅವಳ ಉಗುರುಗಳು ಗಾಯದೊಳಕ್ಕೆ ಇಳಿಯುತ್ತಿದ್ದವು. ಕೈ ಬಿಡಿಸಿಕೊಳ್ಳಬೇಕೆಂದು ಅವನಿಗೆ ಅನ್ನಿಸಲಿಲ್ಲ.